ಮಲ್ಲಿಗೆಯ ಪರಿಮಳ ಆರಿಸುವುದು ಹೇಗೆ: ಶಂಕರಪುರದ ಚೆಂಡಿನಿಂದ ಶುಕ್ರನ ಹೋರೆಯವರೆಗೆ

ಮಲ್ಲಿಗೆಯ ಸೆಂಟು ಯಾವುದು ಒಳ್ಳೆಯದು, ಅದು ನನ್ನ ರಾಶಿಗೆ ಆಗುತ್ತದೆಯೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೊದಲು ಅರ್ಧ ಚೆಂಡು (ಕಟ್ಟಿದ ಹೂವಿನ ಅಳತೆ) ಮಲ್ಲಿಗೆ ತೆಗೆದುಕೊಂಡು ಬನ್ನಿ, ಶೀಶೆಯ ಮಾತು ಆಮೇಲೆ. ಉಡುಪಿ, ಮಂಗಳೂರಿನ ನಮಗೆ ಸಿಗುವಂಥ ಹೂವು ಎಷ್ಟೋ ಸುಗಂಧ ತಯಾರಕರಿಗೆ ಕೈಗೆಟುಕದ ವಸ್ತು. ಅದನ್ನು ಮುಡಿಯುತ್ತೇವೆ, ದೇವರಿಗೆ ಕೊಡುತ್ತೇವೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಅದರ ವಾಸನೆ ಹೇಗೆ ಬದಲಾಗುತ್ತದೆ ಎಂದು ಕುಳಿತು ಗಮನಿಸಿದವರು ಕಡಿಮೆ. ಗಮನಿಸಿದವರಿಗೆ ಸುಗಂಧದ ಅಂಗಡಿಯಲ್ಲಿ ಯಾರೂ ಮೋಸ ಮಾಡಲಾರರು. ಪಂಚಾಂಗ ಈ ಹೂವನ್ನು ಶುಕ್ರನಿಗೆ, ಚಂದ್ರನಿಗೆ ಏಕೆ ಜೋಡಿಸಿತು ಎಂಬುದೂ ಅವರಿಗೆ ತಾನಾಗಿ ತಿಳಿಯುತ್ತದೆ.

ಮೊದಲನೆಯ ಹೆಜ್ಜೆ: ಹೂವು ತರುವುದು

ಉಡುಪಿಯ ರಥಬೀದಿಯಲ್ಲೋ ಮಂಗಳೂರಿನ ಕಾರ್‌ಸ್ಟ್ರೀಟಿನ ಹೂವಿನ ಅಂಗಡಿಗಳಲ್ಲೋ ಶಂಕರಪುರ ಮಲ್ಲಿಗೆ ಎಂದೇ ಕೇಳಿ. ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿ ಶಂಕರಪುರ ಸಿಗುತ್ತದೆ. ಆ ಸುತ್ತಿನ ಮನೆಗಳ ಅಂಗಳದಲ್ಲಿ ಬೆಳೆಯುವ ಈ ಹೂವಿಗೆ 'ಉಡುಪಿ ಮಲ್ಲಿಗೆ' ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಸಸ್ಯಶಾಸ್ತ್ರದಲ್ಲಿ ಇದು ಜಾಸ್ಮಿನಮ್ ಸಾಂಬಾಕ್. ಈ ಹೆಸರನ್ನು ನೆನಪಿಡಿ, ಮುಂದೆ ಶೀಶೆಯ ಮೇಲಿನ ಚೀಟಿ ಓದುವಾಗ ಬೇಕಾಗುತ್ತದೆ.

ಹೊಸಬರಿಗೆ ಲೆಕ್ಕ ಗೊತ್ತಿರಲಿ. ಸುಮಾರು 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೂ ಬೇರೆ. ಹೂವು ತುಂಬಿ ಬರುವ ಬೇಸಿಗೆಯಲ್ಲಿ ಅಟ್ಟೆಗೆ ಕೆಲವು ನೂರು ರೂಪಾಯಿ ಇದ್ದದ್ದು, ಮದುವೆ ಹಬ್ಬಗಳು ಒಟ್ಟಿಗೆ ಬಂದಾಗ 2,000 ದಾಟುತ್ತದೆ. ನಮಗೆ ಈ ಅಭ್ಯಾಸಕ್ಕೆ ಅರ್ಧ ಚೆಂಡು ಧಾರಾಳವಾಯಿತು. ಮೊಗ್ಗು ಬಿಗಿಯಾಗಿರಬೇಕು, ಬಣ್ಣ ಬೆಣ್ಣೆಯ ಬಿಳಿ, ಬುಡದಲ್ಲಿ ತುಸು ಹಸಿರು ಛಾಯೆ. ತುದಿ ಕೆಂಪಾಗಿದ್ದರೆ ಅದು ನಿನ್ನೆಯದು. ಬಾಳೆನಾರಿನಲ್ಲಿ ಕಟ್ಟಿ ಬಾಳೆಲೆಯಲ್ಲಿ ಸುತ್ತಿದ್ದನ್ನೇ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಹೂವು ಬೆವರುತ್ತದೆ, ಬೆವರಿದ ಮಲ್ಲಿಗೆಯಲ್ಲಿ ಹುಳಿ ವಾಸನೆ ಸೇರಿಕೊಳ್ಳುತ್ತದೆ.

ಜೊತೆಗೆ ಒಂದಿಷ್ಟು ಜಾಜಿಯೂ ಸಿಕ್ಕಿದರೆ ತನ್ನಿ. ಒಂದು ಹೂವಿನ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗಲೇ ಮೂಗು ಚುರುಕಾಗುವುದು.

ಎರಡನೆಯ ಹೆಜ್ಜೆ: ನಾಲ್ಕು ಹೊತ್ತು ಮೂಸುವುದು

ಇಡೀ ಕ್ರಮದಲ್ಲಿ ನಾನು ಅತ್ಯಂತ ಮುಖ್ಯ ಎಂದು ತಿಳಿದಿರುವುದು ಇದನ್ನೇ. ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೊದಲ ಸಲ ಮೂಸಿ. ಮೊಗ್ಗಿನಲ್ಲಿ ಪರಿಮಳ ಇನ್ನೂ ಇಲ್ಲವೆನ್ನುವಷ್ಟು ಕಡಿಮೆ. ಎಳೆಸೊಪ್ಪಿನ ಹಸಿರು ವಾಸನೆ, ಹಿಂದಿನಿಂದ ಸ್ವಲ್ಪ ಸಿಹಿ. ಸಂಜೆ ಆರೂವರೆಗೆ ಎರಡನೆಯ ಸಲ. ಈಗ ಮೊಗ್ಗಿನ ತುದಿ ಸಡಿಲವಾಗಿರುತ್ತದೆ, ಹಣ್ಣಿನಂಥ ಸಿಹಿ ಮೇಲೆ ಬರುತ್ತದೆ. ರಾತ್ರಿ ಎಂಟೂವರೆ ಒಂಬತ್ತಕ್ಕೆ ಮೂರನೆಯ ಸಲ. ಎಸಳು ಪೂರ್ತಿ ಬಿಚ್ಚಿ, ಕೋಣೆಗೆ ಕಾಲಿಡುವ ಮೊದಲೇ ಹೂವು ಇದೆಯೆಂದು ಗೊತ್ತಾಗುತ್ತದೆ. ಮರುದಿನ ಬೆಳಿಗ್ಗೆ ನಾಲ್ಕನೆಯ ಸಲ. ಎಸಳಿನ ಅಂಚು ಕಂದಾಗಿ, ಸಿಹಿಯ ಅಡಿಯಲ್ಲಿ ಭಾರವಾದದ್ದೇನೋ ಉಳಿದಿರುತ್ತದೆ. ಕೆಲವರಿಗೆ ಅದು ನುಸಿಗುಳಿಗೆಯನ್ನು ನೆನಪಿಸುತ್ತದೆ, ಕೆಲವರಿಗೆ ಮನುಷ್ಯರ ಮೈಯನ್ನು.

ಈ ನಾಲ್ಕೂ ಹೊತ್ತಿನ ಅನುಭವವನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ. ಅಮ್ಮ ಹೂವು ಕಟ್ಟುತ್ತಾ, ಹಗಲಿನ ಮಲ್ಲಿಗೆ ಕಣ್ಣಿಗೆ, ರಾತ್ರಿಯ ಮಲ್ಲಿಗೆ ಮೂಗಿಗೆ ಎನ್ನುತ್ತಿದ್ದರು. ಅವರು ಒಂದೇ ಮಾತಿನಲ್ಲಿ ಹೇಳಿದ್ದರ ಕಾರಣ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮಲ್ಲಿಗೆ ಪರಿಮಳವನ್ನು ಮೊದಲೇ ತುಂಬಿಟ್ಟುಕೊಂಡಿರುವ ಡಬ್ಬಿಯಲ್ಲ. ಗಿಡದಿಂದ ಕೊಯ್ದ ಮೇಲೂ ಅದು ಜೀವಂತವಾಗಿದ್ದು, ಗಂಟೆ ಗಂಟೆಗೆ ಪರಿಮಳವನ್ನು ತಯಾರಿಸಿ ಗಾಳಿಗೆ ಬಿಡುತ್ತದೆ. ರಾತ್ರಿ ಹಾರಾಡುವ ಪತಂಗಗಳನ್ನು ಕರೆಯುವುದು ರಾತ್ರಿ ಅರಳುವ ಇಂಥ ಬಿಳಿ ಹೂವುಗಳ ಸ್ವಭಾವ, ಹಾಗಾಗಿ ಅದರ ದುಡಿಮೆಯೂ ರಾತ್ರಿ ಪಾಳಿಯದು.

ಆ ಸಿಹಿಯ ಬೆನ್ನೆಲುಬು ಬೆಂಜೈಲ್ ಅಸಿಟೇಟ್ ಎಂಬ ಪದಾರ್ಥ. ಲಿನಲೂಲ್ ತಿಳಿಯಾದ ಹೂವಿನ ಗುಣ ಕೊಡುತ್ತದೆ. ಸಾಂಬಾಕ್‌ನಲ್ಲಿ ಮೀಥೈಲ್ ಆಂಥ್ರನಿಲೇಟ್ ಇರುವುದರಿಂದ ದ್ರಾಕ್ಷಿಯ ಛಾಯೆ, ಫಾರ್ನಸೀನ್‌ನಿಂದ ಹಸಿರು ಛಾಯೆ. ನಾಲ್ಕನೆಯ ಹೊತ್ತಿನಲ್ಲಿ ನಿಮಗೆ ಸಿಕ್ಕಿದ ಆ ಭಾರ ಇಂಡೋಲ್‌ನದು. ಒಂಟಿಯಾಗಿ ಮೂಸಿದರೆ ಇಂಡೋಲ್ ಯಾರಿಗೂ ಹಿಡಿಸುವುದಿಲ್ಲ. ಆದರೆ ಅದನ್ನು ಪೂರ್ತಿ ತೆಗೆದುಹಾಕಿದ ಮಲ್ಲಿಗೆಯ ಸೆಂಟು ಸಾಬೂನಿನಂತೆ ಚಪ್ಪೆಯಾಗುತ್ತದೆ. ಜಾಜಿಯಲ್ಲಿ, ಅಂದರೆ ಜಾಸ್ಮಿನಮ್ ಗ್ರಾಂಡಿಫ್ಲೋರಮ್‌ನಲ್ಲಿ, ಜಾಸ್ಮೋನ್ ಎಂಬ ಪದಾರ್ಥ ಎದ್ದು ಕಾಣುತ್ತದೆ. ಅದರ ಪರಿಮಳ ಹೆಚ್ಚು ದುಂಡಗೆ, ಬೆಚ್ಚಗೆ. ನಮ್ಮ ಮಲ್ಲಿಗೆಯದು ಹೆಚ್ಚು ಹಸಿರು, ಹೆಚ್ಚು ತಂಪು.

ಮೂರನೆಯ ಹೆಜ್ಜೆ: ಚೀಟಿ ಓದುವುದು

ಶೀಶೆಯ ಮೇಲೆ ಮೊಗ್ರಾ ಎಂದಿದ್ದರೆ ಅದು ಸಾಂಬಾಕ್, ನಮ್ಮ ಮಲ್ಲಿಗೆಯ ಬಳಗ. ಚಮೇಲಿ ಎಂದರೆ ಜಾಜಿ. ಜೂಹಿ ಎಂದರೆ ಸೂಜಿಮಲ್ಲಿಗೆ. ಫ್ರಾನ್ಸಿನ ಗ್ರಾಸ್ ಪಟ್ಟಣದ ಹೆಸರು ಹೇಳುವ ಸುಗಂಧಗಳಲ್ಲಿ ಇರುವುದು ಜಾಜಿಯ ಜಾತಿ. 1921ರಲ್ಲಿ ಬಂದ ಶನೆಲ್ ನಂಬರ್ 5ರಲ್ಲಿ ಬಳಸಿದ್ದೂ ಗ್ರಾಸ್‌ನ ಹೂವನ್ನೇ. ಹಾಗಾಗಿ ವಿದೇಶಿ ಮಲ್ಲಿಗೆಯ ಸೆಂಟು ಹಚ್ಚಿದಾಗ ಇದು ನಮ್ಮ ಮಲ್ಲಿಗೆಯಲ್ಲ ಎಂದು ಅನ್ನಿಸಿದರೆ ನಿಮ್ಮ ಮೂಗು ಸರಿಯಾಗಿಯೇ ಇದೆ.

'ಅಬ್ಸಲ್ಯೂಟ್' ಎಂಬ ಮಾತು ಕಂಡರೆ ಬೆಲೆಯನ್ನೂ ನೋಡಿ. ಹೂವನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ತೊಳೆದು ಮೇಣದಂಥ ಮುದ್ದೆ ತೆಗೆಯುತ್ತಾರೆ, ಅದನ್ನು ಆಲ್ಕೊಹಾಲ್‌ನಲ್ಲಿ ಶೋಧಿಸಿದಾಗ ಬರುವುದು ಅಬ್ಸಲ್ಯೂಟ್. ಸಾವಿರ ಕಿಲೋ ಹೂವಿಗೆ ಸಿಗುವುದು ಒಂದೆರಡು ಕಿಲೋ ಮಾತ್ರ. ಈ ಲೆಕ್ಕ ಮನಸ್ಸಿನಲ್ಲಿದ್ದರೆ 150 ರೂಪಾಯಿಗೆ 'ಶುದ್ಧ ಮಲ್ಲಿಗೆ ಎಣ್ಣೆ' ಎಂದು ಜಾತ್ರೆಯಲ್ಲಿ ಮಾರುವುದನ್ನು ಯಾರೂ ನಂಬುವುದಿಲ್ಲ. ನಾನು ಒಮ್ಮೆ ನಂಬಿ ಕೊಂಡಿದ್ದೆ. ಹಚ್ಚಿದ ಅರ್ಧ ಗಂಟೆಯಲ್ಲಿ ಬರೀ ಮಿಠಾಯಿಯ ಸಿಹಿ ಉಳಿಯಿತು, ಹಸಿರೂ ಇಲ್ಲ, ಇಂಡೋಲ್‌ನ ನೆರಳೂ ಇಲ್ಲ. ಮನೆಯಲ್ಲಿ ನಾಲ್ಕು ಹೊತ್ತು ಹೂವು ಮೂಸಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು.

ಕೃತಕ ಎಂದ ಕೂಡಲೇ ಕೀಳು ಎಂದು ತಿಳಿಯುವುದೂ ಬೇಡ. ಹೆಡಿಯೋನ್ ಎಂಬ ಪದಾರ್ಥ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಮಲ್ಲಿಗೆಯ ಗಾಳಿಯಾಡುವ ಗುಣವನ್ನು ಅದು ಬಹಳ ಚೆನ್ನಾಗಿ ಕೊಡುತ್ತದೆ. 1966ರಲ್ಲಿ ಫ್ರಾನ್ಸಿನ ಸುಗಂಧ ತಯಾರಕ ಎದ್ಮೊಂ ರುದ್ನಿತ್ಸ್ಕಾ ಅದನ್ನು ಗಂಡಸರಿಗಾಗಿ ಮಾಡಿದ ಒಂದು ಸುಗಂಧದಲ್ಲಿ ಬಳಸಿದ ಮೇಲೆ ಇಡೀ ಉದ್ಯಮವೇ ಅದನ್ನು ಹಿಡಿದುಕೊಂಡಿತು. ಮಲ್ಲಿಗೆ ಹೆಂಗಸರಿಗೆ ಮಾತ್ರ ಎಂಬ ಮಾತಿಗೂ ಇದೇ ಉತ್ತರ. ಭೂತಕೋಲದಲ್ಲಿ ದೈವ ಮೈದುಂಬುವ ಪಾತ್ರಿಯ ಮೈಮೇಲೆ ಮಲ್ಲಿಗೆಯ ದಂಡೆ ಕಂಡವರಿಗಂತೂ ಈ ಉತ್ತರದ ಅಗತ್ಯವೇ ಇಲ್ಲ.

ನಾಲ್ಕನೆಯ ಹೆಜ್ಜೆ: ಮೈಮೇಲೆ ಪರೀಕ್ಷೆ

ಸುಗಂಧದಲ್ಲಿ ಮೊದಲು ಮೂಗಿಗೆ ಬರುವುದು ನಿಂಬೆ, ಕಿತ್ತಳೆಯಂಥ ಹಗುರ ವಾಸನೆಗಳು. ಹತ್ತು ಹದಿನೈದು ನಿಮಿಷದಲ್ಲಿ ಅವು ಹೋಗುತ್ತವೆ. ಮಲ್ಲಿಗೆ ಇರುವುದು ನಡುವಿನಲ್ಲಿ, ಅಂದರೆ ಸುಗಂಧದ ಹೃದಯದಲ್ಲಿ. ಕೊನೆಗೆ ಉಳಿಯುವುದು ಗಂಧ, ಲಾವಂಚ, ಕಸ್ತೂರಿಯಂಥ ಭಾರದವು. ಆದ್ದರಿಂದ ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಸಿಂಪಡಿಸಿ ಕೂಡಲೇ ತೀರ್ಮಾನಿಸಬೇಡಿ. ಒಳಮಣಿಕಟ್ಟಿಗೆ ಒಂದೇ ಸಲ ಹಾಕಿಸಿಕೊಂಡು ಹೊರಗೆ ಬಂದು ಒಂದು ಸುತ್ತು ನಡೆಯಿರಿ. ಅರ್ಧ ಗಂಟೆಯ ಮೇಲೆ ಮೂಸಿದಾಗ ಸಿಗುವುದೇ ಮಲ್ಲಿಗೆ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಬಾರದು.

ನಮ್ಮ ಕರಾವಳಿಯ ಸೆಖೆಗೆ ಮಲ್ಲಿಗೆಯ ಜೊತೆ ಲಾವಂಚ ಇರುವ ಸೆಂಟು ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅನುಭವ. ಗಂಧದ ಜೊತೆಯೂ ಸೊಗಸು, ಆದರೆ ಅದು ಮಳೆಗಾಲಕ್ಕೆ, ಚಳಿಗೆ. ವೆನಿಲಾ ಬೆರೆತದ್ದನ್ನು ಏಪ್ರಿಲ್ ತಿಂಗಳ ಬಸ್ಸಿನಲ್ಲಿ ಹಚ್ಚಿಕೊಂಡು ಹೋಗಬೇಡಿ, ಪಕ್ಕದವರಿಗೆ ತಲೆನೋವು ಬರುತ್ತದೆ. ಚರ್ಮ ಸೂಕ್ಷ್ಮವಾಗಿರುವವರು ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ 24 ಗಂಟೆ ಕಾಯಬೇಕು. ಮಲ್ಲಿಗೆಯ ಅಬ್ಸಲ್ಯೂಟ್ ಕೆಲವರಿಗೆ ತುರಿಕೆ ತರುತ್ತದೆ.

ಐದನೆಯ ಹೆಜ್ಜೆ: ಮನೆಯಲ್ಲೇ ತಟ್ಟೆಯ ಮಲ್ಲಿಗೆ

ಬೇಕಾದವರಿಗೆ ಮಾತ್ರ ಇದು, ಆದರೆ ಒಮ್ಮೆ ಮಾಡಿದವರು ಮರೆಯುವುದಿಲ್ಲ. ಹೂವು ಕೊಯ್ದ ಮೇಲೂ ಪರಿಮಳ ಬಿಡುತ್ತದೆ ಎಂದೆನಲ್ಲ, ಅದನ್ನು ಕೊಬ್ಬಿನ ಪದರದ ಮೇಲೆ ಹಿಡಿದಿಡುವುದು ಹಳೆಯ ವಿದ್ಯೆ. ಫ್ರಾನ್ಸಿನಲ್ಲಿ ಗಾಜಿನ ಹಲಗೆಯ ಮೇಲೆ ಪ್ರಾಣಿಗಳ ಕೊಬ್ಬು ಬಳಿದು ಮಾಡುತ್ತಿದ್ದರು. ಉತ್ತರ ಭಾರತದಲ್ಲಿ ಎಳ್ಳನ್ನು ಹೂವಿನ ನಡುವೆ ಪದರ ಪದರವಾಗಿ ಹರಡಿ, ಹೂವು ಬದಲಿಸುತ್ತಾ, ಕೊನೆಗೆ ಆ ಎಳ್ಳನ್ನು ಗಾಣಕ್ಕೆ ಹಾಕುತ್ತಿದ್ದರು.

ನಮ್ಮಲ್ಲಿ ಹೀಗೆ ಮಾಡಿ. ವಾಸನೆಯಿಲ್ಲದ, ಸಂಸ್ಕರಿಸಿದ ತೆಂಗಿನೆಣ್ಣೆ 90 ಗ್ರಾಂ, ಜೇನುಮೇಣ 10 ಗ್ರಾಂ. ಗಾಣದ ಎಣ್ಣೆ ಬೇಡ, ಕೊಬ್ಬರಿಯ ಘಮ ಮಲ್ಲಿಗೆಯನ್ನು ಮುಚ್ಚಿಬಿಡುತ್ತದೆ. ಮೇಣ ಏಕೆಂದರೆ ತೆಂಗಿನೆಣ್ಣೆ 24 ಡಿಗ್ರಿಗೇ ಕರಗುತ್ತದೆ, ಉಡುಪಿಯ ಬೇಸಿಗೆಯಲ್ಲಿ ಅದು ತಟ್ಟೆಯಲ್ಲಿ ನಿಲ್ಲುವುದಿಲ್ಲ. ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಅಗಲವಾದ ಗಾಜಿನ ತಟ್ಟೆಗೆ ಅರ್ಧ ಬೆರಳು ದಪ್ಪಕ್ಕೆ ಸುರಿದು ಗಟ್ಟಿಯಾಗಲು ಬಿಡಿ. ಚಮಚದ ತುದಿಯಿಂದ ಅಡ್ಡ ಉದ್ದ ಗೆರೆ ಎಳೆಯಿರಿ.

ಸಂಜೆ ಆರೂವರೆಗೆ, ತುದಿ ಸಡಿಲವಾದ ನೂರು ಮೊಗ್ಗುಗಳನ್ನು ಹಸಿರು ತೊಟ್ಟು ತೆಗೆದು ಬಾಯಿ ಕೆಳಗಾಗಿ ಜೋಡಿಸಿ. ಮೇಲೆ ಇನ್ನೊಂದು ತಟ್ಟೆ ಮುಚ್ಚಿ. ಒಂದು ಹನಿ ನೀರೂ ಇರಕೂಡದು, ಇದ್ದರೆ ಬೂಸು ಬರುತ್ತದೆ. ಮರುದಿನ ಸಂಜೆ ಹಳೆಯ ಹೂವನ್ನು ಮೆಲ್ಲಗೆ ಎತ್ತಿ ಹೊಸದನ್ನು ಇಡಿ. ಮೂರನೆಯ ದಿನ ಏನೂ ಅನ್ನಿಸುವುದಿಲ್ಲ, ಧೈರ್ಯಗೆಡಬೇಡಿ. ಏಳನೆಯ ದಿನಕ್ಕೆ ತಟ್ಟೆ ಮಾತನಾಡತೊಡಗುತ್ತದೆ. ಹತ್ತು ಸಂಜೆ ಮುಗಿದ ಮೇಲೆ ಕೆರೆದು ಪುಟ್ಟ ಡಬ್ಬಿಗೆ ತುಂಬಿ. ಕಿವಿಯ ಹಿಂದೆ ಬೆರಳ ತುದಿಯಷ್ಟು ಸವರಿಕೊಂಡರೆ ಸಾಕು. ಮಲ್ಲಿಗೆಯನ್ನು ನೀರಿನಲ್ಲಿ ಕುದಿಸಿ ಅತ್ತರು ತೆಗೆಯುವ ಪ್ರಯತ್ನ ಮಾತ್ರ ಮನೆಯಲ್ಲಿ ಬೇಡ. ಬಿಸಿಗೆ ಅದರ ನಯ ಹಾರಿಹೋಗುತ್ತದೆ.

ಆರನೆಯ ಹೆಜ್ಜೆ: ಗ್ರಹ, ವಾರ, ಹೋರೆ

ಸುಗಂಧ ಮತ್ತು ಜ್ಯೋತಿಷದ ನಂಟು ಇಂದು ನಿನ್ನೆಯದಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಗುಂಪು, ಅವುಗಳ ಪ್ರಮಾಣ ಬದಲಿಸಿದರೆ 1,74,720 ಸುಗಂಧಗಳು ಎಂದು ಅಲ್ಲಿ ಲೆಕ್ಕ ಕೊಟ್ಟಿದ್ದಾನೆ. ಗ್ರಹಗಳ ಗಣಿತ ಮಾಡಿದ ಕೈಯೇ ಪರಿಮಳದ ಗಣಿತವನ್ನೂ ಮಾಡಿತು.

ಮಲ್ಲಿಗೆ ಮೊದಲು ಶುಕ್ರನದು. ಬಿಳಿ ಬಣ್ಣ, ಸುಗಂಧ, ಪ್ರೀತಿ, ಕಲೆ ಎಲ್ಲವೂ ಅವನ ಕಾರಕತ್ವಕ್ಕೆ ಸೇರಿದವು. ದಿನವೂ ಹೇಳುವ ನವಗ್ರಹ ಸ್ತೋತ್ರದಲ್ಲಿ ಶುಕ್ರನನ್ನು 'ಹಿಮಕುಂದಮೃಣಾಲಾಭಂ' ಎನ್ನುತ್ತೇವೆ: ಹಿಮದಂತೆ, ಕುಂದದಂತೆ, ತಾವರೆಯ ನಾಳದಂತೆ ಹೊಳೆಯುವವನು. ಕುಂದ ಮಲ್ಲಿಗೆಯದೇ ಜಾತಿಯ ಹೂವು. ಮನ್ಮಥನ ಐದು ಬಾಣಗಳಲ್ಲಿ ನವಮಲ್ಲಿಕೆಯೂ ಒಂದು. ಎರಡನೆಯದಾಗಿ ಚಂದ್ರ: ಬಿಳುಪು, ತಂಪು, ರಾತ್ರಿ. ಇಂಗ್ಲೆಂಡಿನ ಗಿಡಮೂಲಿಕೆ ವೈದ್ಯ ಕಲ್ಪೆಪರ್ ಹೆಸರಿನಲ್ಲಿ ಹರಡಿರುವ ಗಿಡಮೂಲಿಕೆಯ ಗ್ರಂಥ ಮಾತ್ರ ಮಲ್ಲಿಗೆಯನ್ನು ಕಟಕದಲ್ಲಿರುವ ಗುರುವಿಗೆ ಒಪ್ಪಿಸುತ್ತದೆ. ಕಟಕ ಚಂದ್ರನ ಮನೆ, ನಮ್ಮ ಶಾಸ್ತ್ರದಲ್ಲಿ ಗುರು ಉಚ್ಚನಾಗುವ, ಅಂದರೆ ಅತ್ಯಂತ ಬಲಶಾಲಿಯಾಗುವ ಸ್ಥಾನವೂ ಹೌದು. ದೂರದ ಎರಡು ದಾರಿಗಳು ಇಲ್ಲಿ ಹತ್ತಿರ ಬಂದಿರುವುದು ನನಗೆ ಸಂತೋಷ ಕೊಡುವ ವಿಷಯ.

ಇಲ್ಲಿ ಒಂದು ಎಚ್ಚರಿಕೆ. 'ಕಟಕ ರಾಶಿಯವರಿಗೆ ಮಲ್ಲಿಗೆ' ಎಂದು ಮೊಬೈಲಿನಲ್ಲಿ ಓದುವ ಪಟ್ಟಿಗಳು ಪಾಶ್ಚಾತ್ಯ ಪದ್ಧತಿಯವು. ಅವು ಸೂರ್ಯ ಇರುವ ರಾಶಿಯನ್ನು ನೋಡುತ್ತವೆ, ಅದೂ ವಿಷುವದ ಬಿಂದುವಿನಿಂದ ಅಳೆಯುವ ಸಾಯನ ಲೆಕ್ಕದಲ್ಲಿ. ನಮ್ಮ ಜನ್ಮರಾಶಿ ಚಂದ್ರನದು, ಲೆಕ್ಕ ಸ್ಥಿರ ನಕ್ಷತ್ರಗಳಿಂದ ಅಳೆಯುವ ನಿರಯಣದ್ದು. ಎರಡರ ನಡುವೆ ಈಗ ಸುಮಾರು 24 ಡಿಗ್ರಿಗಳ ಅಂತರ. ಜುಲೈ ಒಂದರಂದು ಹುಟ್ಟಿದವರು ಆ ಪಟ್ಟಿಯ ಪ್ರಕಾರ ಕಟಕದವರು. ಆದರೆ ನಮ್ಮ ಸೌರಮಾನದಲ್ಲಿ ಅದು ಇನ್ನೂ ಮಿಥುನ ಮಾಸ, ತುಳುವಿನ ಕಾರ್ತೆಲ್. ಕಟಕ ಮಾಸವಾದ ಆಟಿ ಶುರುವಾಗುವುದು ಜುಲೈ ನಡುವಿನಲ್ಲಿ. ಅವರ ಜನ್ಮರಾಶಿಯಂತೂ ಹನ್ನೆರಡರಲ್ಲಿ ಯಾವುದೂ ಇರಬಹುದು. ಎರಡು ಪದ್ಧತಿಗಳನ್ನು ಕಲಸಬೇಡಿ.

ನಮ್ಮ ಪದ್ಧತಿಯಲ್ಲೇ ನೋಡುವುದಾದರೆ ಕ್ರಮ ಸರಳ. ವೃಷಭ, ತುಲಾ ರಾಶಿಯವರಿಗೆ, ಭರಣಿ, ಪುಬ್ಬ, ಪೂರ್ವಾಷಾಢ ನಕ್ಷತ್ರದವರಿಗೆ ಶುಕ್ರ ಅಧಿಪತಿ. ಅವರು ಶುಕ್ರವಾರ ಮಲ್ಲಿಗೆ ಮುಡಿಯಲಿ, ಹಚ್ಚಲಿ. ಕಟಕ ರಾಶಿಯವರು, ರೋಹಿಣಿ, ಹಸ್ತ, ಶ್ರವಣ ನಕ್ಷತ್ರದವರು ಸೋಮವಾರ. ಉಳಿದವರಿಗೆ ನಿಷೇಧವೇನೂ ಇಲ್ಲ. ಕಟೀಲಿನಲ್ಲಿ ದೇವಿಗೆ ಮಲ್ಲಿಗೆ ಕೊಡುವ ಭಕ್ತರನ್ನು ಯಾರೂ ರಾಶಿ ಕೇಳುವುದಿಲ್ಲ. ಶುಕ್ರದೋಷ ಪರಿಹಾರಕ್ಕೆಂದು ಸಾವಿರಾರು ರೂಪಾಯಿಯ ಅತ್ತರನ್ನು ಯಾರಾದರೂ ಮುಂದಿಟ್ಟರೆ ಕೈಮುಗಿದು ಬನ್ನಿ. ಬಿಳಿ ಹೂವು, ಬಿಳಿ ವಸ್ತ್ರ, ಅವರೆ, ತುಪ್ಪ: ಸಂಪ್ರದಾಯ ಶುಕ್ರನಿಗೆ ಹೇಳಿದ್ದೆಲ್ಲ ಸಾಮಾನ್ಯ ಮನೆಯಲ್ಲಿ ಇರುವಂಥದ್ದೇ.

ಹೋರೆಯ ಲೆಕ್ಕ ಹೀಗೆ: ಸೂರ್ಯೋದಯದಿಂದ ಒಂದೊಂದು ಗಂಟೆಗೆ ಒಂದು ಹೋರೆ. ಆ ವಾರದ ಅಧಿಪತಿಯದು ಮೊದಲನೆಯದು, ಮತ್ತೆ ಎಂಟನೆಯದು, ಹದಿನೈದನೆಯದು, ಇಪ್ಪತ್ತೆರಡನೆಯದು. ಏಪ್ರಿಲ್ ನಡುವಿನಲ್ಲಿ ಉಡುಪಿಯ ಸೂರ್ಯೋದಯ ಬೆಳಿಗ್ಗೆ 6.20ರ ಸುಮಾರಿಗೆ. ಹಾಗಾದರೆ ಶುಕ್ರವಾರದ ಹದಿನೈದನೆಯ ಹೋರೆ ಬೀಳುವುದು ರಾತ್ರಿ 8.20ರಿಂದ 9.20ರವರೆಗೆ. ಎರಡನೆಯ ಹೆಜ್ಜೆಯಲ್ಲಿ ಬರೆದಿಟ್ಟ ಚೀಟಿಯನ್ನು ಈಗ ತೆಗೆದು ನೋಡಿ. ಎಸಳು ಬಿಚ್ಚಿ ಪರಿಮಳ ಕೋಣೆ ತುಂಬಿದ್ದು ಅದೇ ಹೊತ್ತಿನಲ್ಲಿ. ಸೋಮವಾರ ಅದೇ ಗಂಟೆ ಚಂದ್ರನದು. ಬೆಳಗಿನ ಮೊದಲ ಹೋರೆಯಲ್ಲಿ ಹೂವು ದೇವರಿಗೆ ಹೋಗಲಿ, ರಾತ್ರಿಯ ಹೋರೆಯನ್ನು ನಿಮ್ಮ ಸುಗಂಧಕ್ಕೆ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದರಿಂದಲೇ. ಶುಕ್ರ ಸಂಜೆಯ ನಕ್ಷತ್ರವಾಗಿರುವ ತಿಂಗಳುಗಳಲ್ಲಿ ಮಲ್ಪೆಯ ಕಡಲತೀರಕ್ಕೆ ಹೋದರೆ, ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಅವನು ಕಾಣುತ್ತಾನೆ. ಕುಂದದ ಹೋಲಿಕೆ ಕೊಟ್ಟವರು ಆಕಾಶವನ್ನೂ ಹೂವನ್ನೂ ಒಟ್ಟಿಗೆ ನೋಡಿದವರು.

ತಿಂಗಳ ವಿಷಯಕ್ಕೆ ಬಂದರೆ, ತುಳುವಿನ ಪಗ್ಗು (ಮೇಷ ಮಾಸ) ಮತ್ತು ಬೇಶ ತಿಂಗಳುಗಳಲ್ಲಿ ಮಲ್ಲಿಗೆ ಹೇರಳ. ಬೇಶ ಎಂದರೆ ವೃಷಭ ಮಾಸ, ಶುಕ್ರನ ಸ್ವಂತ ಮನೆ. ಮಳೆ ಹಿಡಿದ ಮೇಲೆ ಹೂವು ಇಳಿಯುತ್ತದೆ, ಶ್ರಾವಣದ ವರಮಹಾಲಕ್ಷ್ಮೀ ವ್ರತದ ಹೊತ್ತಿಗೆ ದರ ಏರಿರುತ್ತದೆ. ತಟ್ಟೆಯ ಮಲ್ಲಿಗೆ ಮಾಡಬೇಕೆಂದಿರುವವರು ಇನ್ನೊಂದನ್ನೂ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ: ಶುಕ್ರಾಸ್ತದ ದಿನಗಳು. ಶುಕ್ರ ಸೂರ್ಯನ ಹತ್ತಿರ ಹೋಗಿ ಕಾಣದಾಗುವ ಆ ಮೌಢ್ಯದ ಕಾಲದಲ್ಲಿ ಮದುವೆಯ ಮುಹೂರ್ತ ಇಡುವುದಿಲ್ಲ. ಮದುವೆ ಇಲ್ಲದಿದ್ದರೆ ಮಲ್ಲಿಗೆಗೆ ಬೇಡಿಕೆಯೂ ಇಳಿಯುತ್ತದೆ. ಕೊಬ್ಬಿಗೆ ಪರಿಮಳ ಏರಿಸುವುದಕ್ಕೆ ಮುಹೂರ್ತ ಬೇಕಿಲ್ಲ. ಬೇಸಿಗೆಯಲ್ಲಿ ಹಾಗೊಂದು ಅಸ್ತ ಬಿದ್ದರೆ, ಹತ್ತು ಸಂಜೆಗೆ ಬೇಕಾದ ಸಾವಿರ ಹೂವಿಗೆ ಮೊದಲೇ ಹೇಳಿಟ್ಟು ತಟ್ಟೆ ಸಿದ್ಧ ಮಾಡಿಕೊಳ್ಳಿ.